ಪೂರ್ತಿ ಚಾರ್ಜು

‘ನೋಡೋಣ’ ಅಂದುಬಿಟ್ಟಿದ್ದ. ಒಬ್ಬ ಹೆಂಗಸು ಬಾಯಿಬಿಟ್ಟು, ನಾವಿಬ್ಬರೂ ಮದುವೆಯಾದರೆ ಹೇಗೆ ಎಂದು ಕೇಳಿದರೆ, ನಲವತ್ತೈದು ದಾಟಿದ ಗಂಡಸು, ಕಂಕುಳಲ್ಲಿ ಊಟದ ಡಬ್ಬಿ ಸಿಕ್ಕಿಸಿಕೊಂಡು, ಕೊಡೆ ರಿಪೇರಿಯವನು ಯಾವಾಗ ಕೊಡ್ತೀಯಪ್ಪ ಎಂದವರಿಗೆ ಹೇಳುವ ಹಾಗೆ, ನೋಡೋಣ ಅಂದುಬಿಟ್ಟಿದ್ದ. ಈಗ, ಬೆಳಗಿನ ಫೆರಿ ಅಳಿವೆಯನ್ನು ಇನ್ನೂ ಅರ್ಧವೂ ದಾಟಿರದಾಗ, ಹಡಗಿನ ಹೊಟ್ಟೆಯೊಳಗಿನ ಬ್ಯಾಟರಿ ಕೋಣೆಯಲ್ಲಿ ಕೂತು ಅದನ್ನು ನೆನೆದು ನಾಲಿಗೆ ಕಚ್ಚಿಕೊಂಡ. ನಿಜವಾಗಿಯೂ ಕಚ್ಚಿಕೊಂಡ, ನೋವಾಯಿತು. ಎರಡು ಬದಿಗೆ ಎದೆಮಟ್ಟದ ಕಪಾಟುಗಳು, ಅವುಗಳಲ್ಲಿ ಒತ್ತಾಗಿ ಜೋಡಿಸಿಟ್ಟ ಬ್ಯಾಟರಿ ಪೆಟ್ಟಿಗೆಗಳು, ಮೇಲೆ ಫ್ಯಾನು, ಎದುರಿಗೆ ಪ್ಯಾನೆಲ್ಲು. ಪ್ಯಾನೆಲ್ಲಿನ ಮೇಲೆ ಹಸಿರು ಅಂಕಿಯಲ್ಲಿ ಐವತ್ತೆಂಟು ಎಂದಿತ್ತು. ಬ್ಯಾಟರಿಯಲ್ಲಿ ನೂರಕ್ಕೆ ಇಷ್ಟು ಉಳಿದಿದೆ ಎಂದು ಅದು ಹೇಳುವುದು, ಇವನು ನಂಬುವುದು, ಮೇಲೆ ಚುಕ್ಕಾಣಿ ಹಿಡಿದ ಕ್ಯಾಪ್ಟನ್ನು ಇವನನ್ನು ನಂಬುವುದು, ಹೀಗೆ ನಡೆಯುತ್ತಿತ್ತು ಸಂಸಾರ. ಐವತ್ತೆಂಟು ಎಂದರೆ ಏನೂ ಅವಸರವಿಲ್ಲ. ಹೋಗಿ ಬಂದು, ಮತ್ತೆ ಹೋಗಿ ಬಂದು, ಆಮೇಲೆ ಜೆಟ್ಟಿಯಲ್ಲಿ ಕೇಬಲ್ಲು ಸಿಕ್ಕಿಸಿದರೆ ಸಾಕು.

ಅವಳು ಜೆಟ್ಟಿಯ ಟಿಕೆಟ್ ಕೌಂಟರಿನವಳು. ಗಾಜಿನ ಹಿಂದೆ ಕೂರುವವಳು; ಗಾಜಿನ ಕೆಳಗೆ ಕೈ ತೂರುವಷ್ಟು ಅರ್ಧಚಂದ್ರದ ಕಿಂಡಿ. ಪ್ರತಿ ಸಂಜೆ ಕೊನೆಯ ಜನ ಇಳಿದುಹೋದ ಮೇಲೆ ಇವನು ದಡದ ಚಾರ್ಜರಿಗೆ ಕೇಬಲ್ಲು ಸಿಕ್ಕಿಸಿ, ಗ್ಲೌಸು ಕಳಚಿ, ಕಿಂಡಿಯ ಎದುರು ಬಂದು ನಿಲ್ಲುತ್ತಿದ್ದ. “ಇವತ್ತು ಎಷ್ಟಿದೆ?” ಎಂದು ಅವಳು ಕೇಳುತ್ತಿದ್ದಳು. “ನಲವತ್ತೊಂದು.” “ಪರವಾಗಿಲ್ಲ.” ಒಮ್ಮೊಮ್ಮೆ “ಮೂವತ್ತಾರು” ಅಂದರೆ “ಅಯ್ಯೋ, ಇಷ್ಟು ಸುಸ್ತಾಗೋ ಹಾಗೆ ಯಾಕೆ ಓಡಿಸ್ತೀರಿ ಪಾಪ” ಅನ್ನುತ್ತಿದ್ದಳು. ಹಡಗಿಗೆ ಸುಸ್ತೋ ಇವನಿಗೆ ಸುಸ್ತೋ ಎಂಬುದನ್ನು ಅವಳೂ ಬಿಡಿಸಿ ಹೇಳಲಿಲ್ಲ, ಇವನೂ ಬಿಡಿಸಿ ಕೇಳಲಿಲ್ಲ. ಇದು ವರ್ಷಗಳಿಂದ ನಡೆದುಬಂದದ್ದು. ನಿನ್ನೆ ಮಾತ್ರ ಅವಳು ಎಷ್ಟಿದೆ ಎಂದು ಕೇಳಲಿಲ್ಲ. ಷಟರಿನ ಹಿಡಿಯನ್ನು ಅರ್ಧಕ್ಕೆ ಹಿಡಿದು ನಿಂತು, “ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ” ಅಂದಳು. “ನನಗೆ ಹೊಳೆಯ ಮೇಲ್ಗಡೆ, ದೂರದ ಜೆಟ್ಟಿಗೆ ವರ್ಗ ಆಗೋ ಹಾಗಿದೆ. ಹೋಗ್ತೀನೋ ಇಲ್ವೋ ಅಂತ ನಾಳೆ ಸಂಜೆ ಐದಕ್ಕೆ ಆಫೀಸಿಗೆ ಹೇಳ್ಬೇಕು. ಸುಮ್ನೆ ಹೊರಟುಹೋಗೋಕಿಂತ ಕೇಳಿಬಿಡೋದು ವಾಸಿ ಅನ್ನಿಸ್ತು. ನಾವಿಬ್ರೂ ಮದುವೆ ಆದ್ರೆ ಹೇಗೆ?” ಇವನ ಕಿವಿಯೊಳಗೆ ಫ್ಯಾನಿನ ಸದ್ದು ಶುರುವಾಯಿತು, ಅಲ್ಲೆಲ್ಲೂ ಫ್ಯಾನು ಇರಲಿಲ್ಲ. ನೋಡೋಣ ಅಂದ. ಅವಳು ತಲೆಯಾಡಿಸಿ ಷಟರು ಎಳೆದಳು. ಷಟರು ಪೂರ್ತಿ ಇಳಿಯಲು ಒಂದು ಗಳಿಗೆ ಹಿಡಿಯಿತು, ಅಷ್ಟರಲ್ಲಾದರೂ ಬೇರೆ ಏನಾದರೂ ಹೇಳಬಹುದಿತ್ತು. “ಜೋಪಾನ, ಬೆರಳು ಸಿಕ್ಕೀತು” ಎಂದು ಹೇಳಿದ.

ಮನೆಯಲ್ಲಿ ಬೆಳಿಗ್ಗೆ ಒಂದು ಕಾಲಿಗೆ ಚಪ್ಪಲಿ ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತುಬಿಟ್ಟಿದ್ದ. ಅಮ್ಮ ಚಹಾದ ಲೋಟದ ಮೇಲಿಂದ ನೋಡಿದಳು. “ಏನಾಯ್ತೋ?” “ಏನಿಲ್ಲ.” “ಏನಿಲ್ಲ ಅನ್ನೋ ಮುಖ ಅಲ್ಲ ಇದು. ನಿಮ್ಮಪ್ಪನೂ ಹೀಗೇ ಏನಿಲ್ಲ ಏನಿಲ್ಲ ಅಂತಾನೇ ನಮ್ಮನೆ ಬಾಗಿಲಿಗೆ ಹಣೆ ಗುದ್ದಿಕೊಂಡಿದ್ರು, ಮದುವೆಗೆ ಮುಂಚೆ.” ಅಮ್ಮನಿಗೆ ಎಲ್ಲದಕ್ಕೂ ತಮಾಷೆ. ನನ್ನ ಮಗ ನಗುವುದಕ್ಕೂ ಯಾರದೋ ಅಪ್ಪಣೆ ಕೇಳುತ್ತಾನೆ ಎಂದು ಬಂದವರ ಮುಂದೆಲ್ಲ ಹೇಳುತ್ತಾಳೆ. ಅದು ಸುಳ್ಳಲ್ಲ. ಆದರೆ ಅಮ್ಮನಿಗೆ ಗೊತ್ತಿಲ್ಲದ್ದು, ಅದು ಇವನ ಕಸುಬಿಗೆ ಎಷ್ಟು ಹೊಂದಿಕೊಂಡಿದೆ ಎಂಬುದು. ಬ್ಯಾಟರಿಯನ್ನು ಎಂಬತ್ತರ ಮೇಲೆ ತುಂಬಬಾರದು, ಮೂವತ್ತರ ಕೆಳಗೆ ಇಳಿಸಬಾರದು, ಇದು ಇವನ ವ್ರತ. ತುಂಬಿ ತುಳುಕಿದರೂ ಸೆಲ್ಲುಗಳಿಗೆ ಮುಪ್ಪು, ಬರಿದಾದರೂ ಮುಪ್ಪು. ನಡುವೆ ಇರಿಸಿದರೆ ಬಹುಕಾಲ ಬಾಳುತ್ತವೆ. ಬೇರೆ ಹಡಗುಗಳ ಬ್ಯಾಟರಿಗಳು ಏದುಸಿರು ಬಿಡುವಾಗ ಇವನವು ಹೊಸ ಮದುಮಕ್ಕಳ ಹಾಗೆ ಇದ್ದವು, ಅದನ್ನು ಇವನು ಯಾರ ಹತ್ತಿರವೂ ಹೇಳಿಕೊಳ್ಳದೆ ಒಳಗೊಳಗೇ ಬೀಗುತ್ತಿದ್ದ. ತಾನೂ ಹಾಗೇ. ಅತಿಯಾಗಿ ಅತ್ತವನಲ್ಲ, ಅತಿಯಾಗಿ ಹಿಗ್ಗಿದವನಲ್ಲ. ನಿನ್ನೆ ಅವಳು ಕೇಳಿದಾಗ ಎದೆಯೊಳಗೆ ಏನೋ ಎಂಬತ್ತನ್ನು ದಾಟಿ ಮೇಲಕ್ಕೇರಲು ಹೊರಟಿತ್ತು. ಕೈ ತಾನಾಗಿ ಹೋಗಿ ಸ್ವಿಚ್ಚು ಆರಿಸಿತು. ಅಷ್ಟೇ ನಡೆದದ್ದು, ಅಷ್ಟೇ, ಎಂದು ಪ್ಯಾನೆಲ್ಲಿಗೆ ಹೇಳಿಕೊಳ್ಳುವಷ್ಟರಲ್ಲಿ ಐವತ್ತೆಂಟು ಇದ್ದದ್ದು ಹನ್ನೊಂದು ಆಯಿತು.

ಕಣ್ಣುಜ್ಜಿ ನೋಡಿದ. ಹನ್ನೊಂದು. ಹಸಿರು ಕೆಂಪಾಗಿತ್ತು. ಮೋಟಾರುಗಳ ಗುಂಯ್‌ಗುಟ್ಟುವಿಕೆ ಇಳಿಯಿತು. ಸೆಲ್ಲುಗಳು ಸೋತಾಗ ಹಡಗು ತಾನಾಗಿ ವೇಗ ತಗ್ಗಿಸಿಕೊಂಡು ಆಮೆನಡಿಗೆಗೆ ಬರುವಂತೆ ಏರ್ಪಾಡು ಮಾಡಿರುತ್ತಾರೆ. ಗೋಡೆಯ ಫೋನು ಬಾಯಿ ಬಡಿದುಕೊಂಡಿತು. “ಏನಯ್ಯಾ ಅದು, ಹಡಗು ನಿದ್ದೆ ಹೋಗ್ತಿದೆ!” ಕ್ಯಾಪ್ಟನ್ನಿನ ದನಿ. “ನೀನು ಐವತ್ತೆಂಟು ಅಂದ್ಯಲ್ಲಯ್ಯಾ?” ಹೌದು, ಇವನು ಅಂದಿದ್ದ. ಪ್ಯಾನೆಲ್ಲು ಅಂದದ್ದನ್ನೇ ಅಂದಿದ್ದ. ಆಗ, ತಲೆ ಚಚ್ಚಿಕೊಳ್ಳಬೇಕೆನಿಸುವಂತೆ, ಎಲ್ಲ ಅರ್ಥವಾಯಿತು. ಈ ಜಾತಿಯ ಸೆಲ್ಲುಗಳದ್ದು ಒಂದು ಗುಣ: ಅರ್ಧ ತುಂಬಿದ್ದರೂ ಮುಕ್ಕಾಲು ತುಂಬಿದ್ದರೂ ಹೊರಗಿನಿಂದ ಒಂದೇ ಮುಖ, ಪೂರ್ತಿ ತುಂಬಿದಾಗ ಇಲ್ಲವೇ ಈಗಿನಂತೆ ಬರಿದಾಗುತ್ತ ಬಂದಾಗ ಮಾತ್ರ ಬದಲು. ಹಾಗಾಗಿ ಪ್ಯಾನೆಲ್ಲು ಒಳಗೆ ಎಷ್ಟು ಹೋಯಿತು, ಹೊರಗೆ ಎಷ್ಟು ಬಂತು ಎಂದು ಲೆಕ್ಕ ಇಟ್ಟು ಅಂದಾಜಿನ ಮೇಲೆ ಅಂಕಿ ತೋರಿಸುತ್ತದೆ. ಅಂದಾಜಿನಲ್ಲಿ ದಿನಕ್ಕೊಂದಿಷ್ಟು ತಪ್ಪು ಸೇರುತ್ತದೆ. ಆಗಾಗ ಒಂದು ದಿನ ಹಡಗು ನಿಲ್ಲಿಸಿ, ಸೆಲ್ಲುಗಳನ್ನು ಕಂಠಮಟ್ಟ ತುಂಬಿಸಿದರೆ, ತುಂಬಿದ ತುದಿಯಲ್ಲಿ ಅವುಗಳ ಮುಖ ಬದಲಾಗುತ್ತದೆ. ಓಹೋ ತುಂಬಿದ್ದೆಂದರೆ ಇದು ಎಂದು ಪ್ಯಾನೆಲ್ಲಿಗೆ ಗೊತ್ತಾಗಿ ಹಳೆಯ ತಪ್ಪನ್ನೆಲ್ಲ ತಿದ್ದಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಮಾಡಿ ಎಂದೇ ತಯಾರಿಸಿದವರು ಹೇಳಿದ್ದು. ಇವನು ಮಾಡಿಸಿರಲಿಲ್ಲ. ಸೆಲ್ಲುಗಳಿಗೆ ಆಯಾಸ, ಮುಂದಿನ ತಿಂಗಳು ನೋಡೋಣ, ಅದರ ಮುಂದಿನ ತಿಂಗಳು ನೋಡೋಣ. ಕಾಳಜಿಯೇ ಹೆಚ್ಚಾಗಿ, ತುಂಬುವುದು ಎಂದರೇನು ಎಂಬುದನ್ನೇ ಹಡಗು ಮರೆತುಹೋಗುವ ಹಾಗೆ ಮಾಡಿಟ್ಟಿದ್ದ.

ಮೇಲೆ ಹೋಗಿ ಕ್ಯಾಪ್ಟನ್ನಿಗೆ ಮುಖ ತೋರಿಸಲೇಬೇಕಿತ್ತು. ಕಬ್ಬಿಣದ ಮೆಟ್ಟಿಲು ಹತ್ತಿ ಡೆಕ್ಕಿಗೆ ತಲೆ ಹೊರಹಾಕಿದಾಗ ಬೆಂಚುಗಳ ಮೇಲಿದ್ದವರೆಲ್ಲ ಒಟ್ಟಿಗೆ ತಿರುಗಿ ನೋಡಿದರು. ಹಿಂದೊಮ್ಮೆ ಅಷ್ಟು ಮುಖಗಳು ಒಟ್ಟಿಗೆ ತಿರುಗಿದ್ದು ಅವನ ಹರೆಯದ ಒಂದು ಮಧ್ಯಾಹ್ನ, ಮನೆಯ ಬಾಗಿಲ ಹೊರಗೆ ಅಷ್ಟೊಂದು ಚಪ್ಪಲಿಗಳು. ಕೆಲಸ ಸಿಕ್ಕಿದ ಸುದ್ದಿ ಹಿಡಿದು, ಸಿಹಿಯ ಪೊಟ್ಟಣ ಹಿಡಿದು, ಬಸ್‌ಸ್ಟಾಪಿನಿಂದ ಓಡಿಯೇ ಬಂದಿದ್ದ. ಚಪ್ಪಲಿಗಳನ್ನು ನೋಡಿ, ಸುದ್ದಿ ನನಗಿಂತ ಮುಂಚೆ ಬಂದುಬಿಟ್ಟಿದೆ, ಎಲ್ಲರೂ ಶಭಾಷ್ ಎನ್ನಲು ಸೇರಿದ್ದಾರೆ ಎಂದುಕೊಂಡು ಇನ್ನೂ ದೊಡ್ಡದಾಗಿ ನಗುತ್ತಾ ಒಳಗೆ ನುಗ್ಗಿದ್ದ. ನೆಲದ ಮೇಲೆ ಅಪ್ಪನನ್ನು ಮಲಗಿಸಿದ್ದರು. ನಗುವನ್ನು ಮುಖದಿಂದ ತೆಗೆಯಲು ಆಗಲಿಲ್ಲ. ಕೆನ್ನೆಗಳು ಎಳೆದುಕೊಂಡಿದ್ದು ಎಳೆದುಕೊಂಡೇ ಇದ್ದವು, ಕೈಯಿಂದ ಒತ್ತಿ ಇಳಿಸಬೇಕಾಯಿತು. “ನಗ್ತಾ ಬಂದ, ನೋಡು” ಎಂದು ಚಿಕ್ಕಮ್ಮ ಯಾರಿಗೋ ಹೇಳಿದಳು; ಬೈದದ್ದಲ್ಲ, ಅಯ್ಯೋ ಪಾಪ ಎಂದೇ ಹೇಳಿದ್ದು. ಆದರೆ ಆ ನಗು ಹಾಗೆ ಎಲ್ಲರ ಕಣ್ಣಿಗೆ ಬಿದ್ದದ್ದು ಇವತ್ತಿಗೂ ಬೆತ್ತಲೆ ನಿಂತ ಹಾಗೆ ನೆನಪಾಗುತ್ತದೆ. ಅಮ್ಮ ಅದನ್ನು ಒಮ್ಮೆಯೂ ಎತ್ತಿ ಆಡಿಲ್ಲ. ಬಹುಶಃ ನೋಡಿಯೇ ಇರಲಿಲ್ಲ. “ಏನ್ರೀ ಬ್ಯಾಟರಿ ಸರ್, ಇಳಿದು ತಳ್ಬೇಕಾ?” ಎಂದು ಈಗ ಡೆಕ್ಕಿನ ಬೆಂಚಿನ ತುದಿಯಿಂದ ಒಬ್ಬ ದಪ್ಪ ಮನುಷ್ಯ ಕೂಗಿದ.

ಎಲ್ಲರೂ ಗೊಳ್ಳೆಂದರು. ಇವನಿಗೆ ಕಿವಿ ಬಿಸಿಯಾಯಿತು. ಆದರೆ ಆ ನಗುವಿನಲ್ಲಿ ಮುಳ್ಳಿರಲಿಲ್ಲ ಎಂಬುದು ಒಂದು ಗಳಿಗೆ ತಡವಾಗಿ ತಿಳಿಯಿತು. ಕೆಲಸಕ್ಕೆ ತಡವಾಗುವುದು ಹೇಗೂ ಖಾತ್ರಿಯಾದ ಮೇಲೆ ಜನಕ್ಕೆ ಒಂದು ಬಗೆಯ ರಜೆ ಸಿಕ್ಕಿಬಿಟ್ಟಿತ್ತು. ಬಾಸಿಗೆ ಫೋನು ಮಾಡಿ ಹಡಗು ನಡುನೀರಿನಲ್ಲಿ ನಿಂತಿದೆ ಎಂದು ಒಬ್ಬಳು ಹೇಳುತ್ತಿದ್ದಳು. ಚಲಿಸುತ್ತಿದ್ದ ಹಡಗನ್ನು ಅವಳು ನಿಲ್ಲಿಸಿಯೇ ಬಿಟ್ಟಿದ್ದಳು, ಅವಳ ಬಾಸು ಪಾಪ ಜೋಪಾನ ಜೋಪಾನ ಎನ್ನುತ್ತಿರಬೇಕು. ಬಿಸಿಲು ನೀರಿನ ಮೇಲೆ ಪುಡಿಯಾಗಿ ಬಿದ್ದಿತ್ತು. ದಿನಾ ಹೊಟ್ಟೆಯೊಳಗೆ ಕೂತಿರುವವನಿಗೆ ಇದೆಲ್ಲ ಮೇಲೆ ಹೀಗೆ ನಡೆಯುತ್ತಿರುತ್ತದೆ ಎಂಬುದೇ ಮರೆತಿತ್ತು. ಮೋಟಾರಿನ ಸದ್ದು ಇಳಿದಿದ್ದರಿಂದ ನೀರು ಹಡಗಿನ ಪಕ್ಕೆಗೆ ಬಡಿಯುವುದು ಕೇಳಿಸುತ್ತಿತ್ತು, ಮಗುವಿನ ಬೆನ್ನು ತಟ್ಟಿ ಮಲಗಿಸುವ ಹಾಗೆ. ಇಷ್ಟೊಂದು ಜನರ ಮುಂದೆ ಮಾನ ಹೋಗಿದೆ, ಆದರೂ ಯಾಕೋ ಹಿತವಾಗಿದೆ ಎಂದು ಅನ್ನಿಸಿದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಕ್ಯಾಪ್ಟನ್ನು ಚುಕ್ಕಾಣಿಯಿಂದ ಕಣ್ಣು ತೆಗೆಯದೆ, “ದಡ ಮುಟ್ಟಿಸ್ತೀಯಾ?” ಎಂದು ಮಾತ್ರ ಕೇಳಿದ. “ಮುಟ್ಟಿಸ್ತೀನಿ. ತಿರುಗಿಸಿ, ನಮ್ಮ ಕಡೆ ದಡಾನೇ ಹತ್ತಿರ.” “ಆಮೇಲೆ ಆ ನಿನ್ನ ಪ್ರಾಣಿಗೆ ಹೊಟ್ಟೆ ತುಂಬಾ ಊಟ ಹಾಕಯ್ಯ. ಅರ್ಧ ಹೊಟ್ಟೇಲಿ ದುಡಿಸಿದ್ದು ಸಾಕು. ಇವತ್ತು ತುಂಬೋವರೆಗೂ ನೀನು ಆ ಕೋಣೆ ಬಿಟ್ಟು ಕದಲೋ ಹಾಗಿಲ್ಲ.”

ಹೊರಟ ಜೆಟ್ಟಿಗೇ ವಾಪಸು ಬಂದು ನಿಂತರು. ಜನ ಇಳಿದು, ಹಳೆಯ ಡೀಸೆಲ್ ಫೆರಿ ಕೆಮ್ಮುತ್ತಾ ಬರುವುದನ್ನು ಕಾಯತೊಡಗಿದರು. ಕೌಂಟರಿನ ಗಾಜಿನ ಹಿಂದೆ ಅವಳು ಎದ್ದು ನಿಂತು ನೋಡುತ್ತಿದ್ದಳು. ಇವನು ಭಾರದ ಕೇಬಲ್ಲನ್ನು ಎಳೆದು ತರುವಾಗ ಕಾಲು ಎಡವಿತು. ಬೀಳಲಿಲ್ಲ, ಆದರೆ ಬೀಳದೆ ಇರಲು ಮಾಡಿದ ಕುಣಿತವಿದೆಯಲ್ಲ, ಅದು ಬಿದ್ದದ್ದಕ್ಕಿಂತ ಕಡೆ. ಕೇಬಲ್ಲಿನ ತಲೆ ಖಟ್ ಎಂದು ಕೂತಿತು. ಪ್ಯಾನೆಲ್ಲಿನಲ್ಲಿ ಮೇಲಿನ ಮಿತಿಯನ್ನು ಎಂಬತ್ತರಿಂದ ನೂರಕ್ಕೆ ಏರಿಸಿದ. ನಿಜವಾಗಿಯೂ ಮಾಡಬೇಕೇ ಎಂದು ಅದು ಕೇಳಿತು, ಹೌದು ಒತ್ತಿದ. ಖಚಿತವಾಗಿಯೇ ಎಂದು ಮತ್ತೊಮ್ಮೆ ಕೇಳಿತು. ಈ ಪ್ಯಾನೆಲ್ಲನ್ನು ಮಾಡಿದವನೂ ನನ್ನ ಹಾಗಿನವನೇ ಇರಬೇಕು ಎಂದುಕೊಂಡು ಮತ್ತೆ ಹೌದು ಒತ್ತಿದ.

ಊಟದ ಹೊತ್ತಿಗೆ ಅವಳು ಬಂದಳು. ಚಾರ್ಜು ನಡೆಯುವಾಗ ಬ್ಯಾಟರಿ ಕೋಣೆಯೊಳಗೆ ಬೇರೆಯವರು ಕಾಲಿಡಕೂಡದು. ಬಾಗಿಲ ಮುಂದೆ ಹಳದಿ ಗೆರೆ ಎಳೆದಿದೆ. ಅವಳು ಗೆರೆಯ ಆಚೆ ಒಂದು ಮಡಚುವ ಸ್ಟೂಲು ಹಾಕಿಕೊಂಡು ಕೂತಳು, ಇವನು ಈಚೆ ತಲೆಕೆಳಗಾದ ಬಕೆಟ್ಟಿನ ಮೇಲೆ ಕೂತ. ಈಗ ಕೇಳುತ್ತಾಳೆ, ಈಗ ಹೇಳಿಬಿಡಬೇಕು. “ಕುಣಿತ ಚೆನ್ನಾಗಿತ್ತು” ಅಂದಳು. “ನೋಡಿದ್ರಾ?” “ಜೆಟ್ಟಿ ಪೂರ್ತಿ ನೋಡಿತು.” ಡಬ್ಬಿ ಬಿಚ್ಚಿ ಒಂದು ತುತ್ತು ಬಾಯಿಗಿಟ್ಟುಕೊಂಡು, “ಇದೇನು, ಇಷ್ಟು ಹೊತ್ತು?” ಎಂದು ಕಪಾಟುಗಳ ಕಡೆ ಗಲ್ಲ ತೋರಿಸಿದಳು. ಅವನು ಹೇಳತೊಡಗಿದ. ಸೆಲ್ಲುಗಳ ಮುಖದ ವಿಷಯ, ಅಂದಾಜಿನ ವಿಷಯ, ತುದಿಯ ವಿಷಯ. ಹೇಳುತ್ತಾ ಹೇಳುತ್ತಾ ಕೈಗಳು ಗಾಳಿಯಲ್ಲಿ ಏಳತೊಡಗಿದವು. ಎಲ್ಲ ಸೆಲ್ಲುಗಳೂ ಒಂದೇ ಸಲಕ್ಕೆ ತುಂಬುವುದಿಲ್ಲ, ಒಂದೆರಡು ಮುಂದೆ ಓಡುತ್ತವೆ, ಅವು ತಮ್ಮಲ್ಲಿ ಹೆಚ್ಚಾದದ್ದನ್ನು ಸಣ್ಣ ಬಿಸಿಯಾಗಿ ಬಿಟ್ಟುಕೊಡುತ್ತಾ ಉಳಿದವುಗಳಿಗಾಗಿ ಕಾಯುತ್ತವೆ, ಹಿಂದಿನವು ಬಂದು ಕೂಡಿಕೊಂಡ ಮೇಲೇ ಪೂರ್ತಿ ಎಂದು ಲೆಕ್ಕ. “ಎಷ್ಟು ಹೊತ್ತು ಕಾಯ್ತವೆ?” ಎಂದು ಅವಳು ಕೇಳಿದಳು. “ಅದು ಹಿಂದಿನವು ಎಷ್ಟು ನಿಧಾನ ಅನ್ನೋದರ ಮೇಲೆ” ಎಂದು ಹೇಳಿ, ಹೇಳಿದ್ದು ತನಗೇ ಕೇಳಿಸಿ, ಪ್ಯಾನೆಲ್ಲಿನ ಕಡೆ ತಿರುಗಿದ. ಅವಳು ಮಾತ್ರ ನಕ್ಕಳು. ಹೊಟ್ಟೆ ಹಿಡಿದುಕೊಂಡು, ತುತ್ತು ನೆತ್ತಿಗೇರಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಯಾವ ಮಿತಿಯೂ ಇಲ್ಲದ ನಗು.

ಆಮೇಲೆ ಡಬ್ಬಿ ಮುಚ್ಚುತ್ತಾ, “ನೋಡಿ, ನಿಮ್ಮ ಕೊರಳು ಹಿಡಿಯೋಕೆ ಬಂದಿಲ್ಲ ನಾನು” ಅಂದಳು. “ತಂಗಿನ ಓದಿಸಿ ಒಂದು ದಡ ಸೇರಿಸಿದ್ದಾಯ್ತು. ಒಬ್ಬಳೇ ಇರೋದು ನನಗೆ ಅಭ್ಯಾಸ. ಮೇಲಿನ ಜೆಟ್ಟಿಗೆ ಹೋದ್ರೂ ಚೆನ್ನಾಗೇ ಇರ್ತೀನಿ. ಇಲ್ಲಿ ನಿಮ್ಮ ಜೊತೆ ಇದ್ರೆ ಇನ್ನೂ ಚೆನ್ನಾಗಿರ್ತೀನಿ ಅನ್ನಿಸ್ತು. ಅಷ್ಟಕ್ಕೇ ಕೇಳಿದ್ದು.” ಹಳದಿ ಗೆರೆಯ ಮೇಲೆ ಅವಳ ಸೆರಗಿನ ತುದಿ ಬಿದ್ದಿತ್ತು. ಈಗ ಹೇಳು ಎಂದು ಅವನು ತನಗೆ ತಾನೇ ಹೇಳಿಕೊಂಡ. ಬಾಯಿ ತೆರೆದ. “ಸೆರಗು ಒಳಗೆ ಬಂದಿದೆ, ನಿಯಮದ ಪ್ರಕಾರ...” ಅಂದ. ಅವಳು ಸೆರಗನ್ನು ಎತ್ತಿಕೊಂಡಳು. “ನಿಯಮದ ಪ್ರಕಾರ ಐದು ಗಂಟೆ” ಎಂದು ಹೇಳಿ, ಸ್ಟೂಲು ಮಡಚಿ ಎದ್ದುಹೋದಳು. ಮೆಟ್ಟಿಲಲ್ಲಿ ಅವಳ ಚಪ್ಪಲಿಯ ಸದ್ದು ಮೇಲೇರಿ ಹೋಯಿತು. ಬಕೆಟ್ಟಿನ ಮೇಲೆ ಕೂತವನಿಗೆ ತನ್ನ ತಲೆಯ ಮೇಲೆ ಅದೇ ಬಕೆಟ್ಟನ್ನು ಕವುಚಿಕೊಳ್ಳಬೇಕೆನಿಸಿತು.

ಅಮ್ಮನಿಗೆ ಫೋನು ಮಾಡಿದ. ಇಷ್ಟು ವರ್ಷ ಇಬ್ಬರೇ ಇದ್ದ ಮನೆಗೆ ಮೂರನೆಯವರನ್ನು ತರುವುದು ಅಮ್ಮನಿಗೆ ಮಾಡುವ ಮೋಸವೇನೋ ಎಂಬ ಒಂದು ಅಳುಕು ಮನಸ್ಸಿನ ಮೂಲೆಯಲ್ಲಿತ್ತು, ಅದನ್ನೇ ನೆಪವಾಗಿ ಹಿಡಿದುಕೊಂಡರೆ ಉತ್ತರ ಹೇಳುವುದರಿಂದ ತಪ್ಪಿಸಿಕೊಳ್ಳಬಹುದು ಎಂಬ ಆಸೆಯೂ ಇತ್ತು. “ಅಮ್ಮಾ, ಒಂದು ವಿಷಯ.” “ಹೂಂ ಅಂದ್ಯಾ?” “ಏನು?” “ಆ ಟಿಕೆಟ್ ಹುಡುಗಿಗೆ. ಹೂಂ ಅಂದ್ಯಾ ಇಲ್ವಾ?” ಅವನಿಗೆ ಬಕೆಟ್ಟು ಜಾರಿತು. ಅಮ್ಮ ಕಣ್ಣಿನ ಡಾಕ್ಟರ ಹತ್ತಿರ ಆಚೆ ದಡಕ್ಕೆ ಹೋಗುವಾಗೆಲ್ಲ ಕೌಂಟರಿನ ಒಳಗೆ ಕೂತು ಅವಳ ಜೊತೆ ಹರಟುತ್ತಿದ್ದಳಂತೆ. ಅವಳು ಕೇಳಿದ್ದು ಮೊದಲು ಅಮ್ಮನನ್ನಂತೆ. “ನಾನೇನು ನಿನಗೆ ಮೊಳೆ ಹೊಡೆದು ಗೋಡೆಗೆ ನೇತು ಹಾಕ್ಕೊಂಡಿದ್ದೀನಾ? ಕೇಳಮ್ಮ, ಧಾರಾಳವಾಗಿ ಕೇಳು ಅಂದೆ. ನೀನೇನಂದೆ ಅವಳಿಗೆ?” “ನೋಡೋಣ ಅಂದೆ.” “ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಮಂಕೇ” ಎಂದು ಅಮ್ಮ ನಿಧಾನವಾಗಿ ಹೇಳಿದಳು. ಆಮೇಲೆ ತಮಾಷೆ ಎಲ್ಲ ಬಿಟ್ಟ ದನಿಯಲ್ಲಿ, “ನಿನಗೆ ಬೇಕಾ, ಬೇಡ್ವಾ? ಅಷ್ಟು ಹೇಳು.” ಫ್ಯಾನು ತಿರುಗುತ್ತಿತ್ತು. “ಬೇಕು” ಅಂದ. ಹೇಳಿದ ಮೇಲೆ ಅದು ಎಷ್ಟು ನಿಜವೆಂದು ಗೊತ್ತಾಯಿತು. “ಬೇಕು ಅಮ್ಮಾ, ತುಂಬಾ ಬೇಕು.” “ಅದನ್ನ ನನಗ್ಯಾಕೋ ಹೇಳ್ತೀಯಾ, ನಾನೇನು ನಿನ್ನ ಮದುವೆ ಆಗ್ತೀನಾ? ಇಡು ಫೋನು.”

ತೊಂಬತ್ತು ದಾಟಿದ ಮೇಲೆ ಹೊತ್ತು ಸಾಗಲಿಲ್ಲ. ಬಾಗಿಲು ದಾಟುವಂತಿಲ್ಲ, ತುದಿಯ ಹಂತದಲ್ಲಿ ಸೆಲ್ಲುಗಳ ಬಿಸಿ ನೋಡುತ್ತಾ ಒಬ್ಬರು ಇರಲೇಬೇಕು, ಆ ಒಬ್ಬರು ಇವನೇ. ನಾಲ್ಕು ದಾಟಿತು. ಪ್ಯಾನೆಲ್ಲಿನಲ್ಲಿ ಸಣ್ಣ ಸಣ್ಣ ಕಂಬಗಳು ಎದ್ದು ನಿಂತಿದ್ದವು, ಒಂದೊಂದು ಗುಂಪಿಗೆ ಒಂದೊಂದು. ಕೆಲವು ಮೇಲೆ ಮುಟ್ಟಿ ನಿಂತಿದ್ದವು, ಕೆಲವು ಇನ್ನೂ ಕೆಳಗೆ. ಬನ್ನಿ, ಬನ್ನಿ ಎಂದು ಅವನು ಬಾಯಿಬಿಟ್ಟು ಹೇಳುತ್ತಿದ್ದ. ಅಟ್ಟದ ಮೇಲಿಂದ ಏನಾದರೂ ಇಳಿಸುವಾಗ ಮಕ್ಕಳು ನಿಲ್ಲುವ ಹಾಗೆ ಕತ್ತೆತ್ತಿ ನಿಂತಿದ್ದ. ಇಷ್ಟು ವರ್ಷ ಇವುಗಳನ್ನು ಮುಪ್ಪಾದೀತು, ಮುಪ್ಪಾದೀತು ಎಂದು ಹೆದರಿ ತಡೆದು ಇಟ್ಟಿದ್ದೆನಲ್ಲ ಎಂದು ಅನ್ನಿಸಿತು. ಹೆದರಿದ್ದು ತಪ್ಪಲ್ಲ, ದಿನಾ ಹೀಗೆ ತುಂಬಿದರೆ ಹಾಳಾಗುವುದು ಹೌದು. ಆದರೆ ಒಂದು ದಿನವೂ ಬೇಡವೆಂದರೆ? ಕೊನೆಯ ಕಂಬ ನಡುಗಿತು, ಏರಿತು, ಉಳಿದವುಗಳ ಹೆಗಲಿಗೆ ಹೆಗಲು ಸೇರಿಸಿ ನಿಂತಿತು. ನೂರು. ಆ ಅಂಕಿಯನ್ನು ಅವನು ಎಷ್ಟೋ ಕಾಲದಿಂದ ನೋಡಿರಲಿಲ್ಲ. ಕೇಬಲ್ಲು ಕಳಚಿದ, ಕ್ಯಾಪ್ಟನ್ನಿಗೆ ಫೋನು ಮಾಡಿ “ತುಂಬಿದೆ, ಹೊರಡಬಹುದು” ಎಂದ, ಗ್ಲೌಸು ಕಳಚುವುದನ್ನು ಮರೆತು ಮೆಟ್ಟಿಲು ಹತ್ತಿದ.

ಜೆಟ್ಟಿಯ ಗಡಿಯಾರದಲ್ಲಿ ಐದಕ್ಕೆ ಇನ್ನೂ ಕೊಂಚ ಇತ್ತು. ದೊಡ್ಡ ಹಡಗು ಮತ್ತೆ ಹೊರಡುತ್ತದೆ ಎಂದು ಗೊತ್ತಾಗಿ ಸಂಜೆಯ ಜನವೆಲ್ಲ ಕೌಂಟರಿನ ಮುಂದೆ ಸೇರಿದ್ದರು. ಕ್ಯೂ ಬಾಗಿಲು ದಾಟಿ ಹೊರಗೆ ಬಂದಿತ್ತು. ಇನ್ನೊಬ್ಬನಾಗಿದ್ದರೆ ನೇರ ಕಿಂಡಿಗೆ ಹೋಗುತ್ತಿದ್ದ. ಇವನು ಹೋಗಿ ಕ್ಯೂನ ಕೊನೆಯಲ್ಲಿ ನಿಂತ. ನಿಂತ ಮೇಲೆ ಇದೆಂಥ ಹುಚ್ಚು ಎಂದು ತನಗೇ ಅನ್ನಿಸಿತು, ಆದರೆ ಕಾಲು ಕ್ಯೂ ಬಿಟ್ಟು ಬರಲು ಒಪ್ಪಲಿಲ್ಲ. ಮುಂದೆ ಬೆಳಗಿನ ದಪ್ಪ ಮನುಷ್ಯನೇ ನಿಂತಿದ್ದ, ಬೆಳಿಗ್ಗೆ ಅರ್ಧಕ್ಕೆ ಬಿಟ್ಟ ಪ್ರಯಾಣವನ್ನು ಈಗ ಮುಗಿಸಲು. “ಏನ್ ಸರ್, ನಿಮ್ಮ ಹಡಗಿಗೆ ನಿಮಗೂ ಟಿಕೆಟ್ಟಾ?” ಅಂದ. ಕ್ಯೂ ಒಂದೊಂದೇ ಹೆಜ್ಜೆ ಸರಿಯಿತು. ಗಾಜು ಕಾಣುವಷ್ಟು ಹತ್ತಿರ ಬಂದ. ಅವಳ ಎರಡು ಕೈಯೂ ಟಿಕೆಟ್ಟು ಹರಿಯುವುದರಲ್ಲೇ ಇದ್ದವು. ಆಗ ಅವಳ ಪಕ್ಕದ ಫೋನು ಬಡಿದುಕೊಂಡಿತು. ಅವಳು ಮೊಣಕೈಯಿಂದ ಅದರ ಗುಂಡಿ ಒತ್ತಿ ಜೋರು ದನಿಗೆ ಬಿಟ್ಟು, ಟಿಕೆಟ್ಟು ಹರಿಯುತ್ತಲೇ “ಹೇಳಿ ಸರ್” ಅಂದಳು. ಆಫೀಸಿನವರ ದನಿ ಕೌಂಟರಿನಿಂದ ಹೊರಬಂದು ಎಲ್ಲರಿಗೂ ಕೇಳಿಸಿತು. “ಐದಾಯ್ತಮ್ಮ. ಹೋಗ್ತೀರೋ ಇಲ್ವೋ?”

ಅವಳ ಕೈ ನಿಂತಿತು. ತಲೆಯೆತ್ತಿದಾಗ ಜನರ ತಲೆಗಳ ನಡುವೆ ಇವನು ಕಂಡ. ಮುಖದಲ್ಲಿ ಏನೂ ಕೇಳಲಿಲ್ಲ ಅವಳು, ಏನೂ ಬೇಡಲಿಲ್ಲ, ಸುಮ್ಮನೆ ನೋಡಿದಳು ಅಷ್ಟೇ. ಇವನ ಎದೆಯೊಳಗೆ ಮತ್ತೆ ಅದು ಏರಿತು, ಎಂಬತ್ತು, ತೊಂಬತ್ತು, ಕೈ ಸ್ವಿಚ್ಚು ಹುಡುಕಿತು, ಗ್ಲೌಸಿನೊಳಗೆ ಬೆರಳು ಆಡಲಿಲ್ಲ. “ಹೋಗಬೇಡಿ!” ಎಂದು ಕೂಗಿದ. ಇಷ್ಟು ದೊಡ್ಡ ದನಿ ತನ್ನಲ್ಲಿದೆ ಎಂದು ಗೊತ್ತಿರಲಿಲ್ಲ. ಕ್ಯೂ ಪೂರ್ತಿ ಅವನ ಕಡೆ ತಿರುಗಿತು, ಅಷ್ಟೂ ಮುಖಗಳು ಒಟ್ಟಿಗೆ. “ಹೋಗಬೇಡಿ. ಮದುವೆ ಆಗೋಣ. ನನಗೆ ಬೇಕು. ನಿನ್ನೆನೇ ಬೇಕಿತ್ತು.” ದಪ್ಪ ಮನುಷ್ಯ “ಓಹೋ!” ಎಂದು ಎರಡೂ ಕೈ ಮೇಲೆತ್ತಿದ, ಯಾರೋ ಚಪ್ಪಾಳೆ ತಟ್ಟಿದರು, ಹಿಂದಿನ ಮುದುಕಿಯೊಬ್ಬಳು ಏನಂತೆ ಏನಂತೆ ಎಂದು ಕೇಳಿ ತಿಳಿದುಕೊಂಡು ತಾನೂ ತಟ್ಟಿದಳು. ಅವನ ಕೆನ್ನೆಗಳು ಎಳೆದುಕೊಂಡವು. ನಗು ಬಂತು. ಅಷ್ಟು ಜನರ ಕಣ್ಣೆದುರಿಗೆ ಹಲ್ಲೆಲ್ಲ ಕಾಣುವ ಹಾಗೆ ಬಂತು. ಒತ್ತಿ ಇಳಿಸಲು ಅವನು ಕೈ ಎತ್ತಲಿಲ್ಲ. ಬಾಗಿಲ ಹೊರಗೆ ಬಿಸಿಲಿತ್ತು, ಹಡಗಿತ್ತು, ಯಾರಿಗೂ ಏನೂ ಆಗಲಿಲ್ಲ. ಮುಂದಿದ್ದವರು ಜಾಗ ಬಿಡುತ್ತೇವೆ ಮುಂದೆ ಹೋಗಿ ಎಂದರೂ ಬೇಡ ಬೇಡ ಎನ್ನುತ್ತಾ ನಗುತ್ತಲೇ ತನ್ನ ಜಾಗದಲ್ಲಿ ನಿಂತ.

“ಏನಮ್ಮಾ ಅದು ಗಲಾಟೆ?” ಎಂದಿತು ಫೋನು.

“ಏನಿಲ್ಲ ಸರ್, ಜನ. ನಾನು ಹೋಗಲ್ಲ ಸರ್.”

“ಕಾರಣ ಏನಂತ ಹೇಳ್ಲಿ ಮೇಲಿನವರಿಗೆ?”

“ಕುಟುಂಬ ಇಲ್ಲಿದೆ ಅಂತ ಹೇಳಿ.”

“ಕುಟುಂಬವಾ? ನೀವು ಒಬ್ಬರೇ ಅಲ್ವೇನಮ್ಮಾ ಇರೋದು? ಎಲ್ಲಿದೆ ಕುಟುಂಬ?”

ಅವಳು ಕಣ್ಣೊರೆಸಿಕೊಂಡು ಟಿಕೆಟ್ಟಿನ ಸುರುಳಿಗೆ ಮತ್ತೆ ಕೈ ಹಾಕಿದಳು.

“ಕ್ಯೂನಲ್ಲಿದೆ ಸರ್. ಇನ್ನು ಮೂರು ಜನ ಆದ್ಮೇಲೆ ಬರುತ್ತೆ.”